ಕೋಟನೂರದಿಂದ ಕೂನೂರಿಗೆ

ಕಮಲಾಪುರದ ರೈಲು ನಿಲ್ದಾಣಕ್ಕೆ ಹಬೆ ಎಂಜಿನ್ ಬಂದದ್ದೇ ಇಲ್ಲ. ಕಲಬುರಗಿ–ಬೀದರ್ ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್‌ನಲ್ಲಿ. ಅಷ್ಟು ಹೊತ್ತಿಗೆ ದೇಶದ ಬ್ರಾಡ್‌ಗೇಜ್ ಹಳಿಗಳ ಮೇಲೆ ನಿತ್ಯದ ಹಬೆ ರೈಲು ನಿಂತು ಎರಡು ದಶಕವೇ ಕಳೆದಿತ್ತು. ಕೆಂಪು ಬಾಳೆಗೆ ಹೆಸರಾದ ಈ ಊರಿನ ಮಕ್ಕಳು ನೋಡಿದ್ದೆಲ್ಲ ಡೀಸೆಲ್ಲು, ಆಮೇಲೆ ಕರೆಂಟು. ಮರಗುತ್ತಿಯ ಬಳಿ ಗುಡ್ಡ ಕೊರೆದು ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಮಾಡಿದ್ದಾರೆ. ಅದರ ಗೋಡೆಗೆ ಕಲ್ಲಿದ್ದಲಿನ ಮಸಿ ತಾಗಿಲ್ಲ.

ಅಲ್ಲಿಂದ ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಕಲಬುರಗಿ ನಿಲ್ದಾಣದ ಕಥೆಯೇ ಬೇರೆ. 1853ರಲ್ಲಿ ಮುಂಬಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿ ಭೋರ್ ಘಾಟು ಹತ್ತಿ, ಪುಣೆ, ಸೊಲ್ಲಾಪುರ ದಾಟಿ, ನಿಜಾಮರ ಸೀಮೆಯೊಳಗೆ ಕಲಬುರಗಿಯ ಮೇಲೆ ಹಳಿ ಹಾಸುತ್ತ ಬಂತು. 1871ರಲ್ಲಿ ಅದು ರಾಯಚೂರಿನಲ್ಲಿ ಮದ್ರಾಸಿನ ಕಡೆಯಿಂದ ಬಂದ ಹಳಿಯನ್ನು ಕೂಡಿತು. ಅರಬ್ಬಿ ಸಮುದ್ರಕ್ಕೂ ಬಂಗಾಳ ಕೊಲ್ಲಿಗೂ ಕಬ್ಬಿಣದ ದಾರಿ ಬಿದ್ದದ್ದು ನಮ್ಮ ನೆಲದ ಮೇಲೆ. ಮೂರು ವರ್ಷದ ನಂತರ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಅಂದಿನಿಂದ ನೂರು ವರ್ಷಕ್ಕೂ ಮಿಕ್ಕಿ ಈ ಬಯಲು ಸೀಮೆಯಲ್ಲಿ ಹಬೆ ಎಂಜಿನ್ನುಗಳು ದುಡಿದವು. ಬರಗಾಲದ ಜೋಳ, ಹತ್ತಿ, ಶಹಾಬಾದಿನ ಹಾಸುಗಲ್ಲು, ಸಿಮೆಂಟು, ಉರುಸಿಗೆ ಬರುವವರು, ಜಾತ್ರೆಗೆ ಹೋಗುವವರು, ಎಲ್ಲರನ್ನೂ ಎಲ್ಲವನ್ನೂ ಎಳೆದವು. ಇವತ್ತು ಪ್ಲಾಟ್‌ಫಾರ್ಮಿನ ಮೇಲೆ ನಿಂತು ನೋಡಿದರೆ ಆ ಕಾಲದ್ದು ಕಣ್ಣಿಗೆ ಬೀಳುವುದು ಕಡಿಮೆ. ಹಳಿಯ ದಾರಿ ಮಾತ್ರ ಅದೇ.

ಕಲಬುರಗಿ ಸೀಮೆಯ ನಮ್ಮೂರು ಕೋಟನೂರದಲ್ಲಿ ಒಬ್ಬ ಮುತ್ಯಾ ಇದ್ದಾರೆ. ಎಪ್ಪತ್ತರ ದಶಕದಲ್ಲಿ ವಾಡಿಯ ಕಡೆ ಎಂಜಿನ್ ಮೇಲೆ ಫೈರ್‌ಮನ್ ಆಗಿ ದುಡಿದವರು. ಕಿವಿ ಮಂದ, ಮಾತು ಜೋರು. ಹಳೆಯ ಎಂಜಿನ್ನುಗಳನ್ನು ಎಲ್ಲೆಲ್ಲಿ ಕಾಪಾಡಿ ಇಟ್ಟಿದ್ದಾರೋ ನೋಡಿಬರುತ್ತೇನೆ ಎಂದು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ:

“ಇಟ್ಟಾರ, ಖರೆ. ಬೆಂಕಿ ಹಚ್ತಾರೇನು?”

ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ನಾನು ಹೊರಟದ್ದು. ಹೊರಡುವ ಮುಂಚೆ ಅವರ ಕಟ್ಟೆಯ ಮೇಲೆ ಕುಳಿತು ಕೇಳಿದ ಮಾತುಗಳು ಆಮೇಲೆ ನಾನು ಕಂಡ ಪ್ರತಿಯೊಂದು ಎಂಜಿನ್ನಿನ ಮುಂದೆಯೂ ಕೆಲಸಕ್ಕೆ ಬಂದವು.

ಹಬೆ ಎಂಜಿನ್ ಎಂದರೆ ಕಲ್ಲಿದ್ದಲು ತಿಂದು ಹೊಗೆ ಬಿಡುವ ಯಂತ್ರ ಎಂದು ನಾವು ತಿಳಿದಿರುತ್ತೇವೆ. ಮುತ್ಯಾ ಮೊದಲು ಹೇಳಿದ್ದು ನೀರಿನ ಬಗ್ಗೆ. “ಕಲ್ಲಿದ್ದಲು ಕಮ್ಮಿ ಆದ್ರ ಗಾಡಿ ನಿಂದರ್ತದ, ತಮ್ಮಾ. ನೀರು ಕಮ್ಮಿ ಆದ್ರ ನಾವೇ ಇರಂಗಿಲ್ಲ.” ಬೆಂಕಿಪೆಟ್ಟಿಗೆಯ, ಅಂದರೆ ಕಲ್ಲಿದ್ದಲು ಉರಿಯುವ ಗೂಡಿನ, ನೆತ್ತಿಯ ತಗಡಿನ ಮೇಲೆ ಯಾವಾಗಲೂ ನೀರು ನಿಂತಿರಬೇಕು. ಕೆಳಗೆ ಧಗಧಗಿಸುವ ಬೆಂಕಿ, ಮೇಲೆ ನೀರು, ನಡುವೆ ಬೆರಳಿಗಿಂತ ತೆಳುವಾದ ಲೋಹ. ನೀರು ಇಳಿದು ಆ ತಗಡು ಬರಿದಾದರೆ ಅದು ಕೆಂಪಗೆ ಕಾದು ಮೆತ್ತಗಾಗಿ ಒಡೆಯುತ್ತದೆ. ಆ ಗಳಿಗೆಯಲ್ಲಿ ಬಾಯ್ಲರಿನ ನೀರಿನಲ್ಲಿ ಒಂದು ಪಾಲು ಒಮ್ಮೆಗೇ ಹಬೆಯಾಗಿ ಸಿಡಿಯುತ್ತದೆ. ಅದಕ್ಕಾಗಿಯೇ ನೆತ್ತಿಯ ತಗಡಿನಲ್ಲಿ ಸೀಸ ತುಂಬಿದ ಬಿರಡೆ ಕೂಡಿಸಿರುತ್ತಾರೆ. ನೀರು ತಳಕ್ಕೆ ಹೋದರೆ ಮೊದಲು ಸೀಸ ಕರಗಿ, ಅದರ ತೂತಿನಿಂದ ಹಬೆ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತದೆ. ಲೆಡ್ ಪ್ಲಗ್ ಕರಗಿಸಿದ ಡ್ರೈವರು, ಫೈರ್‌ಮನ್ನರು ಮೇಲಿನವರಿಗೆ ಉತ್ತರ ಹೇಳಬೇಕಾಗುತ್ತಿತ್ತು. “ಗ್ಲಾಸಿನ ಮ್ಯಾಲಿನ ಕಣ್ಣು ತಗೀಬಾರ್ದು” ಎಂದು ಮುತ್ಯಾ ಮತ್ತೆ ಮತ್ತೆ ಹೇಳಿದರು. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಅದು.

ನಮ್ಮ ಸೀಮೆಯಲ್ಲಿ ನೀರಿನದು ಇನ್ನೊಂದು ಪೀಡೆ. ಶಹಾಬಾದ್, ವಾಡಿ, ಸೇಡಂ ಎಲ್ಲ ಸುಣ್ಣದ ಕಲ್ಲಿನ ನೆಲ. ಸಿಮೆಂಟು ಕಾರ್ಖಾನೆಗಳು ಇಲ್ಲಿಗೆ ಬಂದದ್ದು ಆ ಕಲ್ಲಿಗಾಗಿಯೇ. ಆ ನೆಲದ ಬಾವಿ ನೀರು ಗಡಸು. ಮನೆಯಲ್ಲಿ ದಿನಾ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಬಾಯ್ಲರಿನ ಕೊಳವೆಗಳಿಗೂ ಹಾಗೆಯೇ ಕಟ್ಟುತ್ತದೆ. ಪದರ ದಪ್ಪವಾದಷ್ಟೂ ಬೆಂಕಿಯ ಕಾವು ನೀರಿಗೆ ಮುಟ್ಟುವುದಿಲ್ಲ. ಕಲ್ಲಿದ್ದಲು ಹೆಚ್ಚು ಸುಡುತ್ತದೆ, ಲೋಹವೂ ಬೇಯುತ್ತದೆ. ಅದಕ್ಕೆ ಎಂಜಿನ್ನನ್ನು ಆಗಾಗ ಶೆಡ್ಡಿಗೆ ತಂದು, ಬೆಂಕಿ ಇಳಿಸಿ, ತಣ್ಣಗಾಗಲು ಬಿಟ್ಟು, ಬಾಯ್ಲರಿನ ಬಿರಡೆಗಳನ್ನೆಲ್ಲ ಬಿಚ್ಚಿ, ರಭಸದ ನೀರು ಹಾಯಿಸಿ, ಸಲಾಕೆ ಹಾಕಿ ಕೆರೆದು ತೊಳೆಯಬೇಕು. ಮೇಲಿನ ಹುದ್ದೆಯವರ ಹೆಸರು ದಾಖಲೆಗಳಲ್ಲಿ ಉಳಿಯುತ್ತದೆ. ಬಾಯ್ಲರ್ ತೊಳೆದವರ ಹೆಸರನ್ನು ಯಾರು ಬರೆದಿಟ್ಟಿದ್ದಾರೆ?

ಬೆಂಕಿಯದೂ ಒಂದು ವಿದ್ಯೆ. ಕಲ್ಲಿದ್ದಲನ್ನು ರಾಶಿ ಸುರಿಯುವಂತಿಲ್ಲ. ತೆಳ್ಳಗೆ, ಮೂಲೆ ಮೂಲೆಗೆ, ಜಾಳಿಗೆ ಎಲ್ಲಿ ಬೆಳ್ಳಗೆ ಉರಿದು ಬರಿದಾಗಿದೆಯೋ ಅಲ್ಲಿಗೆ, ಓಡುವ ಎಂಜಿನ್ನಿನ ಅಲುಗಾಟದಲ್ಲಿ ಸಲಿಕೆಯಿಂದ ಬೀಸಿ ಎಸೆಯಬೇಕು. “ಕರಿ ಹೊಗಿ ಬಂತಂದ್ರ ಫೈರ್‌ಮನ್‌ಗ ಕೆಲಸ ಬರಂಗಿಲ್ಲ ಅಂತಲೇ ಲೆಕ್ಕ” ಎಂದರು ಮುತ್ಯಾ. ಸಿನಿಮಾದವರು ಎಂಜಿನ್ ತೋರಿಸಿದಾಗಲೆಲ್ಲ ಕರಿ ಹೊಗೆಯನ್ನೇ ಏಕೆ ಬಿಡಿಸುತ್ತಾರೆ ಎಂಬುದು ಅವರಿಗಿರುವ ಹಳೆಯ ಸಿಟ್ಟು. ಅವರು ಹೆಚ್ಚಾಗಿ ದುಡಿದದ್ದು ಡಬ್ಲ್ಯುಜಿ ಎಂಬ ಸರಕು ಎಂಜಿನ್ನುಗಳ ಮೇಲೆ. ಮುಂದೆ ಎರಡು, ನಡುವೆ ಎಂಟು, ಹಿಂದೆ ಎರಡು ಗಾಲಿ. 1950ರಲ್ಲಿ ಚಿತ್ತರಂಜನ್ ಕಾರ್ಖಾನೆಯಿಂದ ಹೊರಬಂದ ಮೊದಲ ಎಂಜಿನ್, ‘ದೇಶಬಂಧು’, ಈ ಜಾತಿಯದೇ. 1970ರಲ್ಲಿ ಬಂದ ಈ ಜಾತಿಯ ಕೊನೆಯ ಎಂಜಿನ್ನಿಗೆ ‘ಅಂತಿಮ್ ಸಿತಾರಾ’ ಎಂದು ಹೆಸರಿಟ್ಟರು. ಈ ಎಂಜಿನ್ನುಗಳ ಸಂತತಿ ಎರಡು ಸಾವಿರ ದಾಟಿತ್ತು. ಬಹುಪಾಲು ಗುಜರಿಗೆ ಹೋದವು.

ಮೊದಲು ಹೊರಟದ್ದು ಮೈಸೂರಿನ ರೈಲು ಸಂಗ್ರಹಾಲಯಕ್ಕೆ. ಬಸವ ಎಕ್ಸ್‌ಪ್ರೆಸ್ ಕಲಬುರಗಿಯಿಂದ ನೇರ ಮೈಸೂರಿಗೆ ಒಯ್ಯುತ್ತದೆ. ಶಹಾಬಾದ್, ವಾಡಿ, ಯಾದಗಿರಿ, ಕೃಷ್ಣಾ ನದಿಯ ಸೇತುವೆ, ರಾಯಚೂರು, ಆ 1871ರ ದಾರಿಯನ್ನೇ ಹಿಡಿದು ಗುಂತಕಲ್ಲಿನ ಕಡೆಗೆ ಇಳಿಯುತ್ತದೆ. ವಾಡಿಯಲ್ಲಿ ರೈಲು ನಿಂತಾಗ ಕಿಟಕಿಯಿಂದ ನೋಡಿದೆ. ಸಿಮೆಂಟಿನ ಧೂಳು, ಗೂಡ್ಸ್ ಗಾಡಿಗಳ ಸಾಲು, ತಲೆಯ ಮೇಲೆ ಕರೆಂಟಿನ ತಂತಿ. ಸಿಂಗರೇಣಿಯ ಕಲ್ಲಿದ್ದಲು ಸೀಮೆಯಿಂದ ಮುಂಬಯಿ ದಾರಿಗೆ ನಿಜಾಮರ ರೈಲು ಬಂದು ಕೂಡುತ್ತಿದ್ದ ಜಂಕ್ಷನ್ ಇದು. ಕರ್ನಾಟಕದ ರೈಲಿನ ಇತಿಹಾಸ ಎಂದರೆ ಬೆಂಗಳೂರು, ಮೈಸೂರು ಎಂದಷ್ಟೇ ಬರೆಯುವವರು ಈ ಪ್ಲಾಟ್‌ಫಾರ್ಮಿನಲ್ಲಿ ಒಂದು ಗಂಟೆ ಕಳೆಯಬೇಕು.

ಮೈಸೂರಿನ ರೈಲು ಸಂಗ್ರಹಾಲಯ ಇರುವುದು ಕೃಷ್ಣರಾಜಸಾಗರ ರಸ್ತೆಯಲ್ಲಿ, ನಿಲ್ದಾಣದಿಂದ ನಡೆದೇ ಹೋಗಬಹುದಾದ ದೂರದಲ್ಲಿ. 1979ರಲ್ಲಿ ಶುರುವಾಯಿತು; ದಿಲ್ಲಿಯದನ್ನು ಬಿಟ್ಟರೆ ದೇಶದಲ್ಲಿ ಇದೇ ಮೊದಲು. ಆ ವರ್ಷ ಯೋಚಿಸುವಂಥದು. 1979ರಲ್ಲಿ ಮೈಸೂರಿನ ಸುತ್ತಿನ ಮೀಟರ್‌ಗೇಜ್ ಹಳಿಗಳ ಮೇಲೆ ಹಬೆ ಎಂಜಿನ್ನುಗಳು ಇನ್ನೂ ಓಡುತ್ತಿದ್ದವು. ಅಂದರೆ ಕಾಂಪೌಂಡಿನ ಆಚೆ ಕೂಗಿ ಹೋಗುತ್ತಿದ್ದ ಎಂಜಿನ್ನುಗಳ ಅಣ್ಣಂದಿರನ್ನು ಕಾಂಪೌಂಡಿನ ಈಚೆ ತಂದು ನಿಲ್ಲಿಸಿದರು. ಇನ್ನೂ ಬಳಕೆಯಲ್ಲಿರುವ ವಸ್ತುವನ್ನು ಕಾಪಾಡಬೇಕೆಂದು ಯೋಚಿಸುವುದು ನಮ್ಮಲ್ಲಿ ಅಪರೂಪ. ಹಾಗೆ ಯೋಚಿಸಿದವರಿಗೆ ನಾನು ಮನಸಾರೆ ಋಣಿ.

ಅಲ್ಲಿ 1899ರ ಮಹಾರಾಣಿಯವರ ಸಲೂನ್ ಇದೆ, ಊಟದ ಕೋಣೆ, ಅಡುಗೆಮನೆ ಸಮೇತ. ಜನ ಹೆಚ್ಚಾಗಿ ನಿಲ್ಲುವುದು ಅದರ ಮುಂದೆ. ನಾನು ಬಹಳ ಹೊತ್ತು ಕಳೆದದ್ದು ಇಎಸ್ ಜಾತಿಯ 506ನೆಯ ನಂಬರಿನ ಎಂಜಿನ್ ಹತ್ತಿರ. ಇಂಗ್ಲೆಂಡಿನ ಸ್ಟಾಫರ್ಡ್ ಊರಿನ ಬ್ಯಾಗ್ನಾಲ್ ಕಂಪನಿ ಮಾಡಿದ್ದು. ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಆರು ದೊಡ್ಡ ಗಾಲಿ, ಹಿಂದೆ ಎರಡು. ಪ್ರಯಾಣಿಕರ ಗಾಡಿ ಎಳೆಯಲು ಹೇಳಿಮಾಡಿಸಿದ ಮೈಕಟ್ಟು. ಒಂದು ಮೀಟರ್ ಅಗಲದ ಹಳಿಯ ಮೇಲೆ ನಿಂತ ಅದನ್ನು ನಮ್ಮ ಕಡೆಯ ಬ್ರಾಡ್‌ಗೇಜ್ ಎಂಜಿನ್ನುಗಳ ಪಕ್ಕಕ್ಕಿಟ್ಟು ಊಹಿಸಿದರೆ ಹಗುರ, ಚುರುಕು.

ಕ್ಯಾಬ್ ಹತ್ತಿದೆ. ನೀರಿನ ಗಾಜನ್ನು ಹುಡುಕಿದೆ. ಗಾಜಿನ ಜಾಗ ಗೊತ್ತಾಯಿತು. ಒಳಗೆ ನೋಡಲು ನೀರಿಲ್ಲ. ರೆಗ್ಯುಲೇಟರಿನ ಹಿಡಿಕೆಯನ್ನು ಸಾವಿರಾರು ಮಕ್ಕಳ ಕೈಗಳು ಹಿಡಿದು ನುಣ್ಣಗೆ ಮಾಡಿವೆ. ಅದು ಅಲುಗುವುದಿಲ್ಲ. ಬಣ್ಣದ ಮೇಲೆ ಬಣ್ಣ ಬಳಿದು ಎಷ್ಟೋ ಸಂದುಗಳು ಮುಚ್ಚಿಹೋಗಿವೆ. ಒಬ್ಬ ತಂದೆ ಮಗಳಿಗೆ “ಇಲ್ಲಿ ಬೆಂಕಿ ಹಾಕ್ತಿದ್ರು ಪುಟ್ಟ” ಎಂದು ತೋರಿಸಿದರು. ಮಗು ಬಗ್ಗಿ ನೋಡಿ, “ಈಗ ಹಾಕಲ್ವಾ?” ಎಂದು ಕೇಳಿತು. ಕೋಟನೂರದ ಕಟ್ಟೆಯ ಮೇಲೆ ಕೇಳಿದ ಪ್ರಶ್ನೆಯೇ ಮೈಸೂರಿನ ಮಗುವಿನ ಬಾಯಲ್ಲಿ ಬಂತು.

ನಿಂತ ಎಂಜಿನ್ನಿನ ವಿರುದ್ಧ ನನ್ನ ಮಾತಿಲ್ಲ. ಮೈಸೂರಿನಲ್ಲಿ ಅದನ್ನು ಇಡದೆ ಹೋಗಿದ್ದರೆ ಅದೂ ಗುಜರಿಯ ಕುಲುಮೆಯಲ್ಲಿ ಕರಗಿ ಯಾವುದೋ ಕಟ್ಟಡದ ಸರಳಾಗಿರುತ್ತಿತ್ತು. ಆಕಾರ ಉಳಿದರೆ ಮುಂದೊಂದು ದಿನ ಜೀವ ಕೊಡಬಹುದು. 1855ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತಯಾರಾದ ‘ಫೇರಿ ಕ್ವೀನ್’ ಎಂಜಿನ್ 1909ರಲ್ಲಿ ಕೆಲಸ ಬಿಟ್ಟಿತ್ತು. ಮದ್ರಾಸಿನ ಪೆರಂಬೂರು ಕಾರ್ಖಾನೆಯವರು ಅದನ್ನು ಬಿಚ್ಚಿ, ಸರಿಪಡಿಸಿ, 1997ರಲ್ಲಿ ಮತ್ತೆ ಹಳಿಯ ಮೇಲೆ ಓಡಿಸಿದರು. ಎಂಬತ್ತೆಂಟು ವರ್ಷ ಯಾರೋ ಅದನ್ನು ಕೆಡವದೆ ಇಟ್ಟಿದ್ದರಿಂದ ಆದದ್ದು ಅದು. ಆದರೆ ಪೆರಂಬೂರಿನಲ್ಲಿ ಬಾಯ್ಲರ್ ಬಲ್ಲ ಕೈಗಳು ಇನ್ನೂ ಇದ್ದವು ಎಂಬುದೂ ಅಷ್ಟೇ ದೊಡ್ಡ ಕಾರಣ. ಕಬ್ಬಿಣಕ್ಕಿಂತ ಬೇಗ ಕಳೆದುಹೋಗುವುದು ಆ ಕೈಗಳು. ಹೊರಡುವಾಗ ಮಸುಕಾಗಿದ್ದ ಯೋಚನೆ ಮೈಸೂರಿನ ಆ ಕ್ಯಾಬಿನೊಳಗೆ ನನಗೆ ಸ್ಪಷ್ಟವಾಯಿತು: ಹಬೆ ಎಂಜಿನ್ನನ್ನು ಕಾಪಾಡುವುದೆಂದರೆ ಅದರ ಕೆಲಸವನ್ನು ಕಾಪಾಡುವುದು. ಹಾಗಾದರೆ ಕೆಲಸ ಉಳಿದಿರುವ ಕಡೆಗೇ ಹೋಗಬೇಕು.

ಅಂಥ ಜಾಗ ಮೈಸೂರಿಗೆ ಹತ್ತಿರದಲ್ಲೇ ಇದೆ. ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ನೀಲಗಿರಿ. ನಂಜನಗೂಡಿನಲ್ಲಿ ಕಪಿಲೆಯ ಹಳೆಯ ಕಲ್ಲಿನ ಸೇತುವೆಯನ್ನು ಬಸ್ಸಿನಿಂದಲೇ ಕಂಡೆ. 1735ರಲ್ಲಿ, ಹಬೆ ರೈಲು ಎಂಬುದು ಲೋಕದಲ್ಲೇ ಇಲ್ಲದಾಗ ಕಟ್ಟಿದ್ದು. ಮುಂದೆ ಅದರ ಮೇಲೆಯೇ ಮೀಟರ್‌ಗೇಜ್ ಹಳಿ ಹಾಸಿ ಹಬೆ ರೈಲು ಓಡಿಸಿದರು. ಯಾರ ಕಾಲಕ್ಕೋ ಕಟ್ಟಿದ ಕಮಾನುಗಳು ಆ ಭಾರವನ್ನು ಹೊತ್ತವು. ಊಟಿ ದಾಟಿ, ಘಟ್ಟ ಇಳಿದು, ರಾತ್ರಿ ಮೆಟ್ಟುಪಾಳಯಂ ಸೇರಿದೆ.

ಬೆಳಗ್ಗೆ ಏಳರ ಹೊತ್ತಿಗೆ ಊಟಿಗೆ ಹತ್ತುವ ನೀಲಗಿರಿ ಬೆಟ್ಟದ ರೈಲು. ಎಂಜಿನ್ ಹಿಂದುಗಡೆ ಇತ್ತು. ಹತ್ತುವಾಗ ಇಲ್ಲಿ ಎಂಜಿನ್ ಎಳೆಯುವುದಿಲ್ಲ, ಕೆಳಗಿನಿಂದ ತಳ್ಳುತ್ತದೆ. ಕೊಂಡಿ ಕಳಚಿದರೂ ಡಬ್ಬಿಗಳು ಹಿಂದಕ್ಕೆ ಜಾರದಂತೆ ಎಂಜಿನ್ನೇ ತಡೆಗೋಡೆ. ಹೊರಡುವ ಮುಂಚೆ ಅದರ ಬಳಿ ನಿಂತೆ. ನೀಲಿ ಬಣ್ಣ, ಎಕ್ಸ್ ಜಾತಿ, ಸ್ವಿಟ್ಜರ್ಲೆಂಡಿನ ವಿಂಟರ್ಥೂರ್ ಊರಿನಲ್ಲಿ ಹುಟ್ಟಿದ ಮನೆತನ. ಈ ಜಾತಿಯ ಮೊದಲ ಎಂಜಿನ್ನುಗಳು ಮೊದಲ ಮಹಾಯುದ್ಧದ ಕಾಲದವು, ಕೊನೆಯ ಕಂತು 1952ರದು. ಮೈಯೆಲ್ಲ ಬಿಸಿ. ಎಲ್ಲೋ ಒಂದು ಸಂದಿನಿಂದ ಹಬೆ ಸೀಳಿ ಬರುತ್ತಿತ್ತು. ಎಣ್ಣೆಯ ಡಬ್ಬಿ ಹಿಡಿದ ಒಬ್ಬ ಹುಡುಗ ಒಂದೊಂದೇ ಕೀಲಿಗೆ ಎಣ್ಣೆ ಹನಿಸಿ, ಪ್ರತಿಯೊಂದನ್ನೂ ಅಂಗೈಯಿಂದ ಮುಟ್ಟಿ ಕಾವು ನೋಡುತ್ತ ಸುತ್ತು ಬಂದ. ಮೈಸೂರಿನಲ್ಲಿ ಬಣ್ಣದಡಿ ಮುಚ್ಚಿಹೋಗಿದ್ದ ಸಂದುಗಳು ಯಾತಕ್ಕಿವೆ ಎಂದು ಅವನ ಬೆರಳು ತೋರಿಸಿತು.

ಕಲ್ಲಾರಿನ ತನಕ ಅಡಿಕೆ ತೋಟಗಳ ನಡುವೆ ಸಮತಟ್ಟು. ಅಲ್ಲಿಂದ ಹಳಿಗಳ ನಡುವೆ ಹಲ್ಲಿನ ಪಟ್ಟಿ ಶುರುವಾಗುತ್ತದೆ. ರೋಮನ್ ಆಬ್ಟ್ ಎಂಬ ಸ್ವಿಸ್ ಎಂಜಿನಿಯರ್ ರೂಪಿಸಿದ ವಿಧಾನ. ಎರಡು ಪಟ್ಟಿ ಅಕ್ಕಪಕ್ಕ. ಒಂದರ ಹಲ್ಲು ಇರುವಲ್ಲಿ ಇನ್ನೊಂದರ ಸಂದು. ಹಾಗಾಗಿ ಎಂಜಿನ್ನಿನ ಹಲ್ಲುಗಾಲಿಗೆ ಹಿಡಿತ ತಪ್ಪುವ ಕ್ಷಣವೇ ಇಲ್ಲ. ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ, ಅಂಥ ಏರು. ಕಬ್ಬಿಣದ ಗಾಲಿ ಕಬ್ಬಿಣದ ಹಳಿಯ ಮೇಲೆ ಅಲ್ಲಿ ಜಾರಿಯೇ ಹೋಗುತ್ತದೆ. ಎಕ್ಸ್ ಎಂಜಿನ್ನಿಗೆ ನಾಲ್ಕು ಸಿಲಿಂಡರು. ಸಮತಟ್ಟಿನಲ್ಲಿ ಎರಡೇ ದುಡಿಯುತ್ತವೆ. ಏರಿನಲ್ಲಿ ಆ ಎರಡರಿಂದ ಹೊರಬಿದ್ದ ಹಬೆಯನ್ನು ಗಾಳಿಗೆ ಬಿಡದೆ ಇನ್ನೆರಡು ಸಿಲಿಂಡರಿಗೆ ಹಾಯಿಸುತ್ತಾರೆ. ಅವು ಹಲ್ಲುಗಾಲಿಯನ್ನು ತಿರುಗಿಸುತ್ತವೆ. ಒಮ್ಮೆ ದುಡಿದ ಹಬೆಯನ್ನೇ ಮತ್ತೊಮ್ಮೆ ದುಡಿಸಿಕೊಳ್ಳುವ ಈ ಉಪಾಯವನ್ನು ಕಣ್ಣೆದುರು ಕಂಡಾಗ ಕಂಠ ಬಿಗಿದುಬಂತು. ಬುದ್ಧಿವಂತಿಕೆಗೆ ಮನಸ್ಸು ಕರಗುವುದು ನನಗೆ ಹೊಸದಲ್ಲ.

ರೈಲು ಸಾಗುವುದು ಓಡುವವರ ವೇಗದಲ್ಲಿ. ಡಬ್ಬಿ ಡಬ್ಬಿಗೂ ಒಬ್ಬ ಬ್ರೇಕ್‌ಮನ್. ಮೆಟ್ಟುಪಾಳಯಂನಿಂದ ಊಟಿಗೆ ಒಟ್ಟು 46 ಕಿಲೋಮೀಟರ್, 16 ಸುರಂಗ, 250 ಸೇತುವೆ. ಕೂನೂರಿನ ತನಕ 1899ರಲ್ಲಿ, ಊಟಿಗೆ 1908ರಲ್ಲಿ ಬಂದ ದಾರಿ. 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದರಿಂದ ಹಣ ಬರುತ್ತದೆ, ಪ್ರವಾಸಿಗರು ಬರುತ್ತಾರೆ, ಮುಚ್ಚಬೇಕೆನ್ನುವವರ ಬಾಯಿ ಕಟ್ಟುತ್ತದೆ. ಆದರೆ ಎಂಜಿನ್ನಿನ ಕೀಲಿಗೆ ಎಣ್ಣೆ ಬೀಳುವುದು ಆ ಹುಡುಗನಂಥವರಿಂದಲೇ.

ಹಿಲ್‌ಗ್ರೋವ್ ನಿಲ್ದಾಣದಲ್ಲಿ ರೈಲು ನೀರಿಗೆ ನಿಂತಿತು. ಪ್ರಯಾಣಿಕರು ಚಹಾ, ಬಜ್ಜಿಗೆ ಇಳಿದರು. ನಾನು ಎಂಜಿನ್ ನೀರು ಕುಡಿಯುವುದನ್ನು ನೋಡಲು ಹೋದೆ. ಪಕ್ಕದಲ್ಲಿ ನಿಂತಿದ್ದ, ನೀಲಗಿರಿಯ ಬಡಗ ಸಮುದಾಯದ ಹಿರಿಯರೊಬ್ಬರು ನನ್ನ ಕನ್ನಡ ಕೇಳಿ ಮಾತಿಗೆ ಬಂದರು. ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಎಂದರು. ಅವರ ಬಡಗ, ನನ್ನ ಕಲಬುರಗಿ ಕನ್ನಡ, ನಡುವೆ ಅಷ್ಟಿಷ್ಟು ತಮಿಳು. ಸುಣ್ಣದ ನೀರಿನ ಕಥೆ ಹೇಳಿದೆ. ಇಲ್ಲಿನ ನೀರು ಬೆಟ್ಟದ ತೊರೆಯದು, ಮೆತ್ತಗಿನದು ಎಂದು ಅವರು ಹೆಮ್ಮೆಯಿಂದ ಹೇಳಿದರು. ನಮ್ಮ ಮುತ್ಯಾ ಇಲ್ಲಿದ್ದಿದ್ದರೆ ಬಾಯ್ಲರ್ ತೊಳೆಯುವ ಕೆಲಸ ಎಷ್ಟು ಹಗುರವಾಗುತ್ತಿತ್ತು ಎಂದು ಲೆಕ್ಕ ಹಾಕಿದೆ.

ಕೂನೂರಿನಲ್ಲಿ ಹಬೆ ಎಂಜಿನ್ ಕಳಚಿ ಡೀಸೆಲ್ ಜೋಡಿಸುತ್ತಾರೆ. ಉಳಿದವರು ಊಟಿಗೆ ಹೋದರು. ನಾನು ಅಲ್ಲೇ ಇಳಿದು ಲೋಕೋ ಶೆಡ್ಡಿನ ಕಡೆ ನಡೆದೆ. ಒಳಗೆ ಹೋಗಲು ಅನುಮತಿ ಬೇಕು. ಬೇಲಿಯ ಹತ್ತಿರ ನಿಂತದ್ದಕ್ಕೆ ಯಾರೂ ಬೇಡವೆನ್ನಲಿಲ್ಲ. ಬಿಡುವಿಗೆಂದು ಹೊರಬಂದ ಒಬ್ಬ ನಡುವಯಸ್ಸಿನ ಫಿಟ್ಟರ್ ಜೊತೆ ಮಾತು ಬೆಳೆಯಿತು. ಹಳೆಯ ಎಂಜಿನ್ನುಗಳು ಸವೆದಾಗ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯಲ್ಲಿ ಇದೇ ಜಾತಿಯ ಹೊಸ ಎಂಜಿನ್ನುಗಳನ್ನೇ ಕಟ್ಟಿದ್ದಾರೆ. ಮೊದಲನೆಯದು 2011ರಲ್ಲಿ ಹೊರಬಂತು. ಕಲ್ಲಿದ್ದಲಿನ ಬದಲು ಅದಕ್ಕೆ ಎಣ್ಣೆಯ ಬೆಂಕಿ. ಶುದ್ಧ ಪರಂಪರೆಯವರು ಇದಕ್ಕೆ ಮೂಗು ಮುರಿಯಬಹುದು. ಬಾಯ್ಲರ್ ಹೊಸದು, ಇಂಧನ ಬೇರೆ, ಇನ್ನೇನು ಹಳೆಯದು ಉಳಿಯಿತು ಎಂದು ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ದೇಶದಲ್ಲಿ ಹಬೆ ಎಂಜಿನ್ನುಗಳ ನಿಯಮಿತ ತಯಾರಿಕೆ 1972ಕ್ಕೇ ನಿಂತಿತ್ತು. ಸುಮಾರು ನಾಲ್ಕು ದಶಕದ ಬಳಿಕ ಒಂದು ಕಾರ್ಖಾನೆ ಮತ್ತೆ ಬಾಯ್ಲರ್ ತಗಡು ಬಗ್ಗಿಸಿ, ಕೊಳವೆ ಕೂಡಿಸಿ, ನಾಲ್ಕು ಸಿಲಿಂಡರಿನ ಎಂಜಿನ್ ಕಟ್ಟಿ ಬೆಟ್ಟ ಹತ್ತಿಸಿತೆಂದರೆ, ಕೈಬಿಟ್ಟುಹೋಗಲಿದ್ದ ವಿದ್ಯೆ ಇನ್ನೊಂದು ತಲೆಮಾರಿಗೆ ದಾಟಿತು ಎಂದೇ ಅರ್ಥ. ವಿಂಟರ್ಥೂರ್‌ನಲ್ಲಿ ಹುಟ್ಟಿದ ಎಂಜಿನ್ನಿಗೆ ಕಾವೇರಿ ತೀರದಲ್ಲಿ ತಮ್ಮ ಹುಟ್ಟಿದ್ದನ್ನು ನಾನು ಸಂರಕ್ಷಣೆಯೆಂದೇ ಕರೆಯುತ್ತೇನೆ.

ಕಲಿಯಲು ಎಷ್ಟು ವರ್ಷ ಹಿಡಿಯಿತು ಎಂದು ಫಿಟ್ಟರನ್ನು ಕೇಳಿದೆ. ಪುಸ್ತಕದಲ್ಲಿರುವುದು ಬೇಗ ಬಂತಂತೆ. ಕಿವಿಯಿಂದ ಕಲಿಯುವುದು ತಡವಾಯಿತಂತೆ: ಯಾವ ಸದ್ದು ಸರಿ, ಯಾವುದು ಕೀಲು ಸವೆದದ್ದು, ಯಾವುದು ಹಬೆ ಪೋಲಾಗುವುದು. ಅದನ್ನು ಹೇಳಿಕೊಟ್ಟ ಹಿರಿಯ ಈಗ ನಿವೃತ್ತ. ಅಡಚಣೆ ಬಂದರೆ ಇವತ್ತಿಗೂ ಮನೆಗೇ ಹೋಗಿ ಕೇಳುತ್ತಾರಂತೆ.

ನಮ್ಮ ಮುತ್ಯಾನ ಮನೆಗೆ ಹೀಗೆ ಕೇಳಲು ಯಾರೂ ಬರುವುದಿಲ್ಲ. ವಾಡಿ, ಶಹಾಬಾದ್, ಕಲಬುರಗಿಯ ರೈಲ್ವೆ ಕಾಲನಿಗಳಲ್ಲಿ, ಸುತ್ತಿನ ಹಳ್ಳಿಗಳಲ್ಲಿ ಇಂಥ ಫೈರ್‌ಮನ್ನರು, ಬಾಯ್ಲರ್ ಮೇಕರರು, ಶೆಡ್ಡಿನ ಖಲಾಸಿಗಳು ಇನ್ನೂ ಕೆಲವರಿದ್ದಾರೆ. ಎಲ್ಲರೂ ಎಪ್ಪತ್ತು, ಎಂಬತ್ತರ ಮೇಲಿನವರು. ಗಡಸು ನೀರಿನ ನಾಡಿನಲ್ಲಿ, ಬೇಸಿಗೆಯ ಉರಿಬಿಸಿಲಿನಲ್ಲಿ ಬೆಂಕಿಪೆಟ್ಟಿಗೆಯ ಮುಂದೆ ನಿಂತು ದುಡಿದವರ ತಿಳಿವಳಿಕೆ ನೀಲಗಿರಿಯವರ ತಿಳಿವಳಿಕೆಗಿಂತ ಬೇರೆಯದು. ವಿಶ್ವವಿದ್ಯಾಲಯ ಕಲಬುರಗಿಯಲ್ಲೇ ಇದೆ, ಹುಡುಗರ ಕೈಯಲ್ಲೆಲ್ಲ ಫೋನಿದೆ. ಈ ಹಿರಿಯರ ಮಾತನ್ನು ಅವರ ಸೊಲ್ಲಿನಲ್ಲೇ ದಾಖಲಿಸಲು ಇನ್ನೇನೂ ಬೇಕಿಲ್ಲ. ನಾನಂತೂ ಕೂನೂರಿನ ಬೇಲಿಯ ಬಳಿ ನಿಂತೇ ಮೊದಲ ಪ್ರಶ್ನೆಗಳ ಪಟ್ಟಿ ಬರೆದುಕೊಂಡೆ. ತೊಳೆಯುವಾಗ ಯಾವ ಸಲಾಕೆ, ಎಷ್ಟು ಉದ್ದದ್ದು? ನೀರು ಎಲ್ಲಿಂದ ತರುತ್ತಿದ್ದರು? ಸಿಂಗರೇಣಿ ಕಲ್ಲಿದ್ದಲಿಗೂ ಬೇರೆಯದಕ್ಕೂ ಬೆಂಕಿಯಲ್ಲಿ ಏನು ವ್ಯತ್ಯಾಸ?

ಫಿಟ್ಟರ್ ಗಡಿಯಾರ ನೋಡಿಕೊಂಡು ಎದ್ದರು. ಬೆಳಗ್ಗೆ ನಮ್ಮನ್ನು ತಳ್ಳಿ ತಂದ ಎಂಜಿನ್ ಮಧ್ಯಾಹ್ನದ ಗಾಡಿಯೊಂದಿಗೆ ಮತ್ತೆ ಮೆಟ್ಟುಪಾಳಯಂಗೆ ಇಳಿಯಬೇಕು, ಅದರ ಬ್ರೇಕು ಪರೀಕ್ಷೆ ಇನ್ನೂ ಆಗಿಲ್ಲ ಎಂದರು.